ಮುತ್ತವ್ವ ಎಣಿಸಿದ ಐದನೆಯ ಸೂಜಿ

ಬನಹಟ್ಟಿಯಲ್ಲಿ ಮಗ್ಗ ಇರುವ ಯಾವ ಮನೆಗಾದರೂ ಹೋಗಿ ಕೆಚ್ಚುವ ಮುತ್ತವ್ವ ಎಲ್ಲಿ ಎಂದು ಕೇಳಿ, ಮನೆ ತೋರಿಸುತ್ತಾರೆ. ಜೊತೆಗೆ ಎರಡು ಮಾತು ಪುಕ್ಕಟೆ ಹೇಳುತ್ತಾರೆ: ಅವಳ ಕೈ ಹಗುರ, ಬಾಯಿ ಜೋರು. ಎರಡೂ ನಿಜವೇ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲಿನ ಹಾಸು ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಎಡಗೈಯಲ್ಲಿ ಎರಡು ತುದಿ ಹಿಡಿದು, ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಬೂದಿ ಹಚ್ಚಿಕೊಂಡು ಒಮ್ಮೆ ಹೊಸೆದರೆ ಆಯಿತು, ಮುಂದಿನ ಎಳೆ.

ಮುತ್ತವ್ವ ಇದನ್ನು ನೋಡಿ ಮಾಡುವುದಿಲ್ಲ. ನೋಡಿದರೆ ತಪ್ಪುತ್ತದೆ ಎನ್ನುತ್ತಾಳೆ. ಕಣ್ಣು ಮುಚ್ಚಿಕೊಂಡು, ಬೆರಳಿಗೆ ತಾಕಿದ್ದನ್ನು ಮನಸ್ಸಿನಲ್ಲೇ ಎಣಿಸುತ್ತ ಹೋಗುತ್ತಾಳೆ. ನೂರಾದರೆ ಮಗ್ಗದ ಕಾಲಿಗೆ ಬೂದಿಯ ಒಂದು ಗೆರೆ. ಮೂವತ್ತಾರು ವರ್ಷದಲ್ಲಿ ಗೆರೆಗೂ ಎಳೆಗೂ ಒಂದು ದಿನವೂ ವ್ಯತ್ಯಾಸ ಬಂದಿಲ್ಲ. ಈ ಚಟ ಮಗ್ಗದ ಹತ್ತಿರವೇ ಬಿಟ್ಟು ಬರುವಂಥದ್ದಲ್ಲ. ಮನೆಯಲ್ಲೂ ಅವಳು ಕಣ್ಣು ಮುಚ್ಚಿದಳೆಂದರೆ ಏನನ್ನೋ ಎಣಿಸುತ್ತಿದ್ದಾಳೆ ಎಂದೇ ಅರ್ಥ. ಗಂಡ ಕಾಶಪ್ಪ, ಊಟಕ್ಕೆ ಕೂತಾಗ ತಾನು ಎಷ್ಟು ರೊಟ್ಟಿ ಮುರಿದೆನೆಂದು ಸಪ್ಪಳದ ಮೇಲೆ ಹೇಳುತ್ತಾಳೆ ಎಂದು ಚಹಾದ ಅಂಗಡಿಯಲ್ಲಿ ದೂರುತ್ತಾನೆ.

ಹೋದ ದೀಪಾವಳಿ ಮುಗಿದ ಮೇಲೆ ಅವಳ ಬಲ ಭುಜ ಹಿಡಿಯಿತು. ಮೊದಲು ಹೆಗಲ ಹಿಂದೆ ಒಂದು ಕಡೆ ನೋವು. ಆಮೇಲೆ ಅದು ಮುಂಗೈಗೆ ಇಳಿಯಿತು, ಕೊನೆಗೆ ಹೆಬ್ಬೆರಳಿಗೆ ಬಂತು. ತುರುಬು ಕಟ್ಟಲು ಕೈ ತಲೆಯವರೆಗೆ ಏಳಲೊಲ್ಲದು. ಎಣ್ಣೆ ತಿಕ್ಕಿದಳು, ಉಪ್ಪಿನ ಗಂಟಿನಿಂದ ಕಾಸಿದಳು, ಅಂಗಡಿಯ ಗುಳಿಗೆ ನುಂಗಿದಳು. ಸಂಕ್ರಾಂತಿಯ ಹೊತ್ತಿಗೆ ಹೊಸೆದ ಎಳೆ ಬಿಚ್ಚಿಕೊಳ್ಳತೊಡಗಿತು. ರಬಕವಿಯ ಒಂದು ಮನೆಯವರು, ಮುಂದಿನ ಸಲ ಬೇರೆ ಯಾರನ್ನಾದರೂ ಕಳಿಸು ಮುತ್ತವ್ವ, ನೀನು ವಿಶ್ರಾಂತಿ ತೊಗೋ ಎಂದರು. ಮರ್ಯಾದೆಯಿಂದಲೇ ಹೇಳಿದರು. ಆ ದಿನ ಅವಳು ಜೋರು ಬಾಯಿಯನ್ನು ತೆರೆಯದೆ ಮನೆಗೆ ಬಂದಳು. ಆ ಎರಡು ಬೆರಳು ಹೋದರೆ ತಾನು ಯಾರು ಎಂದು ಅವಳಿಗೆ ತಿಳಿಯದಾಯಿತು.

ಮದ್ದು ಮನೆಯಲ್ಲೇ ಇತ್ತು, ಅದೇ ದೊಡ್ಡ ತೊಂದರೆ. ತಮ್ಮ ಶಿದ್ರಾಮಪ್ಪನ ಮಗಳು ರಾಜೇಶ್ವರಿ ಫಿಸಿಯೋಥೆರಪಿ ಕಲಿತು ಬಂದು, ಬನಹಟ್ಟಿಯಲ್ಲೇ ಮಗ್ಗದ ಓಣಿಯಲ್ಲಿ ಎರಡು ಕೋಣೆಯ ದವಾಖಾನೆ ಹಾಕಿ ಐದು ತಿಂಗಳಾಗಿತ್ತು. ಬೋರ್ಡಿನ ಮೇಲೆ ಡ್ರೈ ನೀಡ್ಲಿಂಗ್ ಎಂದು ಬರೆಸಿದ್ದಳು. ಓಣಿಯ ಜನ ಅದನ್ನು ಒಣ ಸೂಜಿ ಮಾಡಿಕೊಂಡರು. ಔಷಧಿ ಇಲ್ಲದ ಸೂಜಿಯಿಂದ ಏನಾಗತೈತಿ ಎಂದು ನಕ್ಕರು. ಐದು ತಿಂಗಳಾದರೂ ಹೊರಗಿನ ಬೆಂಚಿನ ಮೇಲೆ ಹೆಚ್ಚಾಗಿ ಕೂತಿರುತ್ತಿದ್ದವನು ಶಿದ್ರಾಮಪ್ಪನೊಬ್ಬನೇ. ಅವನೂ ಸೂಜಿ ಹಾಕುವ ಪರದೆಯ ಒಳಗೆ ಕಾಲಿಟ್ಟವನಲ್ಲ.

ಅವನ ಕಾರಣ ಮುತ್ತವ್ವನಿಗೆ ಗೊತ್ತಿತ್ತು. ನಲವತ್ತನಾಲ್ಕು ವರ್ಷದ ಹಿಂದೆ ಸಾವಳಗಿಯ ಮನೆಯಲ್ಲಿ ಆರು ವರ್ಷದ ಶಿದ್ರಾಮನಿಗೆ ಜ್ವರ ಬಂದಿತ್ತು. ಅವ್ವ ಅಪ್ಪ ಹೊಲದಲ್ಲಿದ್ದರು. ಸೈಕಲ್ ಮೇಲೆ ಊರೂರು ತಿರುಗಿ ಇಂಜೆಕ್ಷನ್ ಮಾಡುವವನೊಬ್ಬ ಬಂದ, ನಿಜವಾದ ಡಾಕ್ಟರೋ ಅಲ್ಲವೋ ದೇವರೇ ಬಲ್ಲ. ಹುಡುಗನನ್ನು ಒತ್ತಿ ಹಿಡಿ ಎಂದು ಹತ್ತು ವರ್ಷದ ಮುತ್ತವ್ವನಿಗೆ ಹೇಳಿದ. ಅವಳು ತಮ್ಮನನ್ನು ಬೋರಲು ಮಲಗಿಸಿ, ಎರಡೂ ಕೈ ನೆಲಕ್ಕೆ ಒತ್ತಿ ಹಿಡಿದಳು. ಅವನು ಬಿಡ ಅಕ್ಕಾ ಬಿಡ ಎಂದು ಚೀರಿದ. ಅವಳು ಬಿಡಲಿಲ್ಲ. ಕುಂಡೆಗೆ ಚುಚ್ಚಿದ ಸೂಜಿ ನರಕ್ಕೆ ತಾಕಿತ್ತು. ಮರುದಿನ ಹುಡುಗ ಎದ್ದು ನಿಂತಾಗ ಎಡ ಪಾದ ಮೇಲೇಳಲಿಲ್ಲ. ಇವತ್ತಿಗೂ ಅದು ನೆಲಕ್ಕೆ ಎಳೆಯುತ್ತದೆ.

ಅಂದಿನಿಂದ ಶಿದ್ರಾಮಪ್ಪನ ಮೈಗೆ ಸೂಜಿ ಸೋಕಿಲ್ಲ. ಕೊರೊನಾ ಲಸಿಕೆಯವರು ಮನೆಮನೆಗೆ ಬಂದಾಗ ಹಿಪ್ಪರಗಿಯ ಬೀಗರ ಕಬ್ಬಿನ ತೋಟದಲ್ಲಿ ಮೂರು ದಿನ ಇದ್ದು ಬಂದ. ಅಂಥವನ ಮಗಳು ಸೂಜಿ ಹಿಡಿದದ್ದಕ್ಕೆ ಊರು ನಕ್ಕರೂ ರಾಜೇಶ್ವರಿ ಆ ಓದಿಗೆ ಹೋದದ್ದೇ ಅಪ್ಪನ ಕಾಲು ನೋಡಿ. ಇದೂ ಮುತ್ತವ್ವನಿಗೆ ಗೊತ್ತಿತ್ತು. ತಾನು ಒತ್ತಿ ಹಿಡಿದಿದ್ದ ಮಾತನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ, ತಮ್ಮನೊಂದಿಗೂ ಎತ್ತಿರಲಿಲ್ಲ.

"ಅತ್ತಿ, ನೀನ ಬರಲಿಲ್ಲಂದ್ರ ಮಂದಿ ಯಾಕ ಬರ್ತಾರ ಬೇ?" ಎಂದು ರಾಜೇಶ್ವರಿ ಒಂದು ಸೋಮವಾರ ಕೇಳಿದಳು. ಮುಖ ಸಣ್ಣದಾಗಿತ್ತು. ಆ ಮುಖ ನೋಡಿ ಮುತ್ತವ್ವ ಹೂಂ ಅಂದುಬಿಟ್ಟಳು.

ಮಂಗಳವಾರ ಮಧ್ಯಾಹ್ನ ಪರದೆಯ ಒಳಗೆ ಬೋರಲು ಮಲಗಿದಾಗ ಅವಳು ಜೀವ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಇದರಾಗ ಔಷಧ ಇರೂದಿಲ್ಲ ಅತ್ತಿ. ಕೂದಲಿನಷ್ಟ ಸಣ್ಣ ಸೂಜಿ. ಬಿಗದಿದ್ದ ಸ್ನಾಯು ಒಮ್ಮಿ ಪಟ್ಟಂತ ಜಿಗೀತೈತಿ, ಆಮ್ಯಾಲ ಸಡಲ ಆಗತೈತಿ. ನಾಳಿ ಒಂದ ದಿನ ಮೈ ನೊಂದಂಗ ಅನಸ್ತೈತಿ. ಹೆದರಬ್ಯಾಡ."

ಪಕ್ಕದ ಗೋಡೆಯ ಆಚೆ ಹದಿನಾರು ಪವರ್‌ಲೂಮ್ ಒಟ್ಟಿಗೆ ಬಡಿಯುತ್ತಿದ್ದವು. ಮುತ್ತವ್ವ ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿದರೆ ಮುಗಿಯಿತಲ್ಲ, ಎಣಿಕೆ ತಾನಾಗಿ ಶುರುವಾಯಿತು. ಹೆಗಲ ಹಿಂದಿನ ಎಲುಬಿನ ಮೇಲೆ ಒಂದು. ಅದರ ಪಕ್ಕ ಎರಡು. ಮತ್ತೆ ಅಲ್ಲೇ ಮೂರು, ಆಗ ಒಳಗೆ ಏನೋ ಮೀನು ಮಿಡುಕಿದಂತೆ ಜಿಗಿಯಿತು, ಅವಳ ಉಸಿರು ನಿಂತಿತು. ಮುಂಗೈಗೆ ನಾಲ್ಕು. ಇನ್ನಷ್ಟು ಕೆಳಗೆ ಐದು. ನಡುವೆ ರಾಜೇಶ್ವರಿ ಏನೋ ಹೇಳಿದಳು, ಲೂಮಿನ ಸದ್ದಿನಲ್ಲಿ ಕೇಳಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಹತ್ತು ನಿಮಿಷದ ಮೇಲೆ ಸೂಜಿ ತೆಗೆಯುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಹದಿನಾರೂ ಲೂಮು ಒಮ್ಮೆಲೇ ನಿಂತವು. ಆ ನಿಶ್ಶಬ್ದದಲ್ಲಿ ಸ್ಟೀಲಿನ ತಟ್ಟೆಗೆ ಸೂಜಿ ಬಿದ್ದ ಸಪ್ಪಳ ಸ್ಪಷ್ಟವಾಗಿ ಕೇಳಿತು. ಟಿಣ್. ಟಿಣ್. ಟಿಣ್. ಟಿಣ್.

ಐದನೆಯದಕ್ಕೆ ಮುತ್ತವ್ವ ಕಾದಳು. ರಾಜೇಶ್ವರಿ ಅವಳ ಬೆನ್ನು ಒರೆಸಿ, "ಆತು ಅತ್ತಿ, ಏಳು" ಎಂದಳು.

ಐದು ಒಳಗೆ ಹೋಗಿದ್ದವು, ನಾಲ್ಕು ಹೊರಗೆ ಬಂದವು. ಒಂದು ಒಳಗೇ ಉಳಿದಿದೆ. ಬಾಯಿಗೆ ಬಂದ ಮಾತನ್ನು ಅವಳು ಹೇಳಿಯೇಬಿಡುತ್ತಿದ್ದಳು. ಆದರೆ ಪರದೆ ಸರಿಸಿದರೆ ಹೊರಗಿನ ಬೆಂಚಿನ ಮೇಲೆ ಇಬ್ಬರು ಹೊಸ ಹೆಂಗಸರು ಕೂತಿದ್ದರು. "ಮುತ್ತವ್ವ ಒಳಗ ಹೋಗ್ಯಾಳಂತ ನಾವೂ ಬಂದ್ವಿ ನೋಡವಾ" ಎಂದರು. ರಾಜೇಶ್ವರಿಯ ಮುಖ ಐದು ತಿಂಗಳಲ್ಲಿ ಮೊದಲ ಸಲ ಅರಳಿತ್ತು. ಹೆಂಗೈತಿ ಕೈ ಎಂದು ಅವರು ಕೇಳಿದಾಗ, ಛಲೋ ಐತಿ ಎಂದು ಹೇಳಿ ಮುತ್ತವ್ವ ಮನೆಯ ದಾರಿ ಹಿಡಿದಳು.

ಮನೆಯಲ್ಲಿ ಒಲೆಯ ಬೂದಿ ತೆಗೆದು ಒರಳುಕಲ್ಲಿನ ಮೇಲೆ ಐದು ಗೆರೆ ಎಳೆದಳು. ಕೆಳಗೆ ನಾಲ್ಕು. ಮತ್ತೆ ಮತ್ತೆ ಮೊದಲಿನಿಂದ ನೆನೆದಳು. ಪ್ರತಿ ಸಲವೂ ಐದು, ಪ್ರತಿ ಸಲವೂ ನಾಲ್ಕು. ಮೈಯೊಳಗೆ ಉಳಿದ ಸೂಜಿ ಸುಮ್ಮನೆ ಇರುವುದಿಲ್ಲ, ರಕ್ತದ ಜೊತೆ ನಡೆದು ಎದೆಗೆ ಹೋಗುತ್ತದೆ ಎಂದು ಸಣ್ಣವಳಿದ್ದಾಗ ಕೇಳಿದ್ದಳು. ಯಾರು ಹೇಳಿದ್ದರೆಂದು ನೆನಪಿಲ್ಲ. ಇಂಥ ಮಾತು ಹೇಳಿದವರು ಮರೆತುಹೋಗುತ್ತಾರೆ, ಮಾತು ಮರೆಯುವುದಿಲ್ಲ.

ಬುಧವಾರ ಬೆಳಗ್ಗೆ ಸೂಜಿ ಹೆಗಲ ಹಿಂದೆ ಇತ್ತು. ಅಲ್ಲಿ ಮುಟ್ಟಿದರೆ ನೋಯುತ್ತಿತ್ತು. ಮಧ್ಯಾಹ್ನಕ್ಕೆ ಕಂಕುಳಿಗೆ ಬಂತು. ಸಂಜೆ ಎದೆಯ ಪಕ್ಕ ಚುಳುಕ್ ಎಂದಿತು. ಅವಳು ಬಲಗೈಯನ್ನು ಮೈಗೆ ಒತ್ತಿಕೊಂಡು ಕಟ್ಟೆಯ ಮೇಲೆ ಕೂತಳು. ಉಸಿರನ್ನು ಸಣ್ಣಗೆ ತೆಗೆದುಕೊಂಡಳು, ದೊಡ್ಡ ಉಸಿರು ತೆಗೆದರೆ ಸೂಜಿಗೆ ದಾರಿಯಾದೀತೆಂದು. ರೊಟ್ಟಿಯನ್ನು ಎಡಗೈಯಲ್ಲಿ ಬಡಿದಳು. ಅದು ಬೀಳಗಿ ತಾಲ್ಲೂಕಿನ ನಕಾಶೆಯಂತೆ ಬಂತು ಎಂದು ಕಾಶಪ್ಪ ನಕ್ಕ. ಅವನಿಗೆ ಹೇಳುವಂತಿರಲಿಲ್ಲ. ಕಾಶಪ್ಪನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅವನಿಗೆ ಹೇಳಿದರೆ ಅರ್ಧ ತಾಸಿನಲ್ಲಿ ಚಹಾದ ಅಂಗಡಿಗೆ, ಒಂದು ತಾಸಿನಲ್ಲಿ ರಬಕವಿಗೆ, ಸಂಜೆಯ ಬಸ್ಸಿಗೆ ಮುಧೋಳಕ್ಕೆ ಮುಟ್ಟುತ್ತದೆ. ಶಿದ್ರಾಮಪ್ಪನ ಮಗಳು ಮೈಯಾಗ ಸೂಜಿ ಬಿಟ್ಟಾಳಂತ. ಆಮೇಲೆ ಆ ಬೋರ್ಡು ಇಳಿಸುವುದೇ.

ಒಮ್ಮೆ ತಮ್ಮನ ಕಾಲು ತೆಗೆದೆ, ಈಗ ಅವನ ಮಗಳ ಅನ್ನ ತೆಗೆಯಲೇ? ಅವಳು ಇದನ್ನೇ ಯೋಚಿಸುತ್ತಿದ್ದಳು. ಹಾಗೆಂದು ಸಾಯಲು ಸಿದ್ಧಳಿದ್ದಳೆಂದಲ್ಲ. ಐವತ್ತನಾಲ್ಕು ಅದೇನು ಸಾಯುವ ವಯಸ್ಸೇ ಎಂದು ದೇವರ ಫೋಟೋದ ಜೊತೆ ಜಗಳ ತೆಗೆದಳು.

ಗುರುವಾರ ಯಾರಿಗೂ ಹೇಳದೆ ಜಮಖಂಡಿಯ ಬಸ್ಸು ಹತ್ತಿದಳು. ಅಲ್ಲಿ ಎಕ್ಸ್‌ರೇ ತೆಗೆಯುವ ಕಡೆ ಹೋಗಿ ಒಂದು ಫೋಟೋ ತೆಗೆಸಿಬಿಟ್ಟರೆ ಸೂಜಿ ಎಲ್ಲಿದೆ ಎಂದು ಕಾಣುತ್ತದೆ, ಮುಂದಿನದು ಆಮೇಲೆ ಎಂದು ಅವಳ ವಿಚಾರ. ರಸ್ತೆಯ ಒಂದೊಂದು ಗುಂಡಿಗೂ ಬಸ್ಸು ಎದ್ದು ಬಿದ್ದಾಗ ಅವಳು ಎದೆಯ ಮೇಲೆ ಕೈ ಒತ್ತಿಕೊಂಡು ಶಿವಶಿವಾ ಎಂದಳು. ಪಕ್ಕದ ಸೀಟಿನ ಹೆಣ್ಣುಮಗಳು ವಾಂತಿ ಬರುತ್ತದೆಂದು ತಿಳಿದು ಕಿಟಕಿಯ ಜಾಗ ಬಿಟ್ಟುಕೊಟ್ಟಳು.

ಎಕ್ಸ್‌ರೇ ಕೋಣೆಯ ಕಿಂಡಿಯ ಹಿಂದೆ ಕೂತ ಮನುಷ್ಯ ತಲೆ ಎತ್ತದೆ ಕೇಳಿದ, "ಡಾಕ್ಟರ ಚೀಟಿ ಎಲ್ಲೈತ್ರಿ?"

"ಚೀಟಿ ಇಲ್ರಿ. ಎದಿ ಫೋಟೋ ತಗೀರಿ ಸಾಕು."

"ಯಾಕ ತಗಸಾಕತ್ತೀರಿ? ಏನಾಗೇತಿ?"

"ಒಂದ ಸೂಜಿ..."

ಅವನು ಈಗ ತಲೆ ಎತ್ತಿದ. "ಸೂಜಿ? ಯಾರ ಚುಚ್ಚ್ಯಾರ? ಯಾವ ದವಾಖಾನಿ? ಯಾವೂರು?"

ಸಾಲಿನಲ್ಲಿ ಹಿಂದೆ ನಿಂತವರೆಲ್ಲ ಕಿವಿ ಈ ಕಡೆ ಕೊಟ್ಟಿದ್ದರು. ಅದರಲ್ಲಿ ಒಂದು ಮುಖ ಬನಹಟ್ಟಿಯದೇ ಇರಬಹುದು ಅನ್ನಿಸಿತು. "ಏನಿಲ್ಲ ಬಿಡ್ರಿ" ಎಂದು ಸೆರಗು ಹೊದ್ದು ಹೊರಗೆ ಬಂದಳು. ಬಸ್ ನಿಲ್ದಾಣದಲ್ಲಿ ಕೂತು ಒಂದು ಗಳಿಗೆ ಅತ್ತಳು. ಚುಳುಕ್ ಎನ್ನುವುದು ಈಗ ಎದೆಯ ನಟ್ಟನಡುವೆ ಇತ್ತು.

ಬನಹಟ್ಟಿಯಲ್ಲಿ ಬಸ್ಸು ಇಳಿದವಳು ಮನೆಗೆ ಹೋಗಲಿಲ್ಲ. ಕಾಲು ತಾವಾಗಿ ಶಿದ್ರಾಮಪ್ಪನ ಮನೆಗೆ ಹೋದವು. ಅವನು ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ. ಅಕ್ಕನ ಮುಖ ನೋಡಿ ಮೊರ ಪಕ್ಕಕ್ಕಿಟ್ಟ.

"ಏನಾಗೇತಿ ಅಕ್ಕಾ?"

ಅವಳು ಹೇಳಿದಳು. ಐದು, ನಾಲ್ಕು, ಹೆಗಲು, ಕಂಕುಳು, ಎದೆ, ಜಮಖಂಡಿ, ಎಲ್ಲ. "ರಾಜಿಗಿ ಹೇಳಬ್ಯಾಡಪಾ. ಹುಡುಗಿ ಹೆಸರ ಕೆಡತೈತಿ. ನಾ ಸತ್ತರೂ ಎದಿ ಬ್ಯಾನಿ ಅಂತ ಹೇಳ್ರಿ" ಎಂದಳು.

ಶಿದ್ರಾಮಪ್ಪನ ಮುಖ ಬಿಳಿಚಿತು. ಸೂಜಿ ಎಂಬ ಮಾತು ಕೇಳಿದರೇ ಕಬ್ಬಿನ ತೋಟ ಸೇರುವ ಮನುಷ್ಯ ಅವನು. ಆದರೂ ಎದ್ದು ಚಪ್ಪಲಿ ಮೆಟ್ಟಿದ. "ನಡಿ" ಎಂದ. ಅವಳು ಬೇಡ ಎಂದು ಕೈ ಹಿಡಿದು ಜಗ್ಗಿದಳು. ಎಡಗಾಲು ಎಳೆಯುತ್ತಲೇ ಅವನು ಮುಂದೆ ನಡೆದ, ಅವಳು ಹಿಂದೆ ಓಡಿದಳು.

ದವಾಖಾನೆಯಲ್ಲಿ ಆಗ ಯಾರೂ ಇರಲಿಲ್ಲ. ರಾಜೇಶ್ವರಿ ಎಲ್ಲ ಕೇಳಿದಳು. ಕಣ್ಣಲ್ಲಿ ನೀರು ಬಂತು, ಆದರೆ ಸಿಟ್ಟಾಗಲಿಲ್ಲ. ಕಪಾಟಿನಿಂದ ಅತ್ತೆಯ ಕಾರ್ಡು ತೆಗೆದು ತೋರಿಸಿದಳು. ಹಾಕಿದ್ದು ನಾಲ್ಕು, ತೆಗೆದದ್ದು ನಾಲ್ಕು, ಎರಡು ಕಡೆ ಬರೆದಿತ್ತು. "ಎರಡನೇ ಸೂಜಿ ಸರಿ ಜಾಗಾಕ ಬಿದ್ದಿದ್ದಿಲ್ಲ ಅತ್ತಿ. ಹೊರಗ ತಗೀಲಾರದ, ಸ್ವಲ್ಪ ಮ್ಯಾಲ ಜಗ್ಗಿ ಬ್ಯಾರೆ ಕಡೆ ತಿರುಗಿಸಿ ಮತ್ತ ಒಳಗ ಬಿಟ್ಟೆ. ತಿರುಗಸ್ತೇನಿ ಅಂತ ಹೇಳಿದ್ನಲ್ಲ? ನಿನಗ ಅದ ಮೂರನೇದ ಅನಿಸೇತಿ."

"ಬರದಿದ್ದು ಏನರ ಇರಲಿ ತಂಗಿ. ನನ್ನ ಎಣಿಕಿ ತಪ್ಪೂದಿಲ್ಲ. ಮೂವತ್ತಾರ ವರ್ಷ ಆತು, ಒಂದ ಎಳಿ ತಪ್ಪಿಲ್ಲ."

ತನ್ನ ಎಣಿಕೆ ತಪ್ಪಿರಲಿ ಎಂದು ಅವಳು ಎಷ್ಟು ಬೇಡಿಕೊಂಡಿದ್ದಳೋ ಅವಳಿಗೇ ಗೊತ್ತು. ಆದರೆ ಬೆರಳು ಹೇಳಿದ್ದನ್ನು ನಂಬದೆ ಅವಳು ಬದುಕಿದ್ದೇ ಇಲ್ಲ.

ರಾಜೇಶ್ವರಿ ಕುರ್ಚಿಯ ಮೇಲೆ ಕೂತು ತನ್ನ ಹೆಸರು ಅಚ್ಚಾದ ಚೀಟಿ ಎಳೆದುಕೊಂಡಳು. "ಹಂಗಾದ್ರ ಎಕ್ಸ್‌ರೇಕ್ಕ ನಾನ ಬರಕೊಡ್ತೇನಿ. ನನ್ನ ಹೆಸರ ಹಾಕೇ ಬರೀತೇನಿ. ಮುಂಜಾನಿ ನಾನ ಕರಕೊಂಡ ಹೋಗ್ತೇನಿ. ನೀ ಹಿಂಗ ಅಂಜಕೊಂಡ ಕೂಡೂದಕ್ಕಿಂತ ನನ್ನ ಹೆಸರ ಕೆಟ್ಟರೂ ಅಡ್ಡಿಯಿಲ್ಲ."

ಪೆನ್ನು ಕಾಗದ ಮುಟ್ಟುವ ಮೊದಲು ಶಿದ್ರಾಮಪ್ಪ ಅಂದ, "ಚೀಟಿ ಆಮ್ಯಾಲ ಬರಿ. ಮೊದಲ ನನಗ ಹಾಕು."

ಇಬ್ಬರೂ ಅವನ ಕಡೆ ನೋಡಿದರು. ಅವನು ಪರದೆ ಸರಿಸಿ ಒಳಗೆ ಹೋದ. ಐದು ತಿಂಗಳಲ್ಲಿ ಮೊದಲ ಸಲ. ಮಂಚದ ಹತ್ತಿರ ನಿಂತು ಅಂಗಿಯ ತುದಿಯಿಂದ ಹಣೆ ಒರೆಸಿಕೊಂಡ.

"ಬಲಗಾಲ ಮೀನಖಂಡ ದಿನಾ ಹಿಡೀತೈತಿ, ಅಲ್ಲೇ ಹಾಕು. ನಿಮ್ಮತ್ತಿಗಿ ಹೆಂಗ ಮಾಡಿದ್ಯೋ ಹಂಗ ಮಾಡು. ನಾ ಕಣ್ಣ ಮುಚ್ಚಿ ಎಣಸ್ತೇನಿ. ಅಕ್ಕ ಕಣ್ಣ ತಗದ ಎಣಸಲಿ."

"ಅಪ್ಪಾ, ನೀ..." ಎಂದಳು ರಾಜೇಶ್ವರಿ.

"ಹಾಕಂದ್ರ ಹಾಕು."

ಒಂದು ಕಾಲು ಎಳೆಯುವವನ ಭಾರವನ್ನೆಲ್ಲ ಇನ್ನೊಂದು ಹೊರುತ್ತದೆ. ಅದೊಂದೇ ಅವನಿಗೆ ಉಳಿದ ಕಾಲು. ಮುತ್ತವ್ವನಿಗೆ ತನ್ನ ಎದೆಯ ಸೂಜಿ ಮರೆತೇಹೋಯಿತು. "ಬ್ಯಾಡೋ ಶಿದ್ದೂ, ಬ್ಯಾಡ, ನನ್ನದೇನರ ಆಗಲಿ" ಎಂದು ಗೋಗರೆದಳು. ಅವನು ಆಗಲೇ ಬೋರಲು ಮಲಗಿದ್ದ. ಹಣ್ಣುಗೂದಲಿನ ತಲೆ, ಆರು ವರ್ಷದ ಹುಡುಗನ ಹಾಗೆಯೇ ನಡುಗುವ ಬೆನ್ನು. ಮಂಚದ ತಲೆಯ ಕಡೆ ಎರಡೂ ಕೈ ಚಾಚಿದ.

"ಹಿಡಿ ಅಕ್ಕಾ. ಸಾವಳಗ್ಯಾಗ ಹಿಡದಿದ್ದೆಲ್ಲ, ಹಂಗ."

ಮುತ್ತವ್ವ ಅವನ ತಲೆಯ ಹತ್ತಿರ ಬಾಗಿದಳು. "ನಿನಗ... ಅದು ನೆನಪೈತೇನು?"

"ಚುಚ್ಚಿದ್ದ ನೆನಪಿಲ್ಲ. ನೀ ಹಿಡದಿದ್ದಿ ಅಂಬೂದ ಅಷ್ಟ ನೆನಪೈತಿ. ನೀ ಹಿಡೀಲಿಲ್ಲಂದ್ರ ನಾ ಇವತ್ತೂ ತಡಕೊಳ್ಳೂದಿಲ್ಲ."

ಅವಳು ತಲೆಯ ಕಡೆ ಸ್ಟೂಲಿನ ಮೇಲೆ ಕೂತು ಅವನ ಕೈ ಹಿಡಿದಳು. ಒತ್ತಲಿಲ್ಲ. ಬೇಕೆಂದಾಗ ಅವನು ಬಿಡಿಸಿಕೊಳ್ಳುವ ಹಾಗೆ, ತನ್ನ ಅಂಗೈಯ ಮೇಲೆ ಅವನ ಅಂಗೈ ಇಟ್ಟುಕೊಂಡಳು. ಕಣ್ಣು ಮುಚ್ಚಬೇಕೆನಿಸಿತು. ಮುಚ್ಚಲಿಲ್ಲ.

ಮೊದಲನೆಯ ಸೂಜಿ ಇಳಿಯಿತು. "ಒಂದ" ಎಂದ ಶಿದ್ರಾಮಪ್ಪ. ದನಿ ಹೊರಗೆ ಬಂದದ್ದೇ ಹೆಚ್ಚು. "ಎರಡ." ರಾಜೇಶ್ವರಿ ಎರಡನೆಯ ಸೂಜಿಯನ್ನು ಬಿಡದೆ, ಎರಡು ಬೆರಳಲ್ಲಿ ಸ್ವಲ್ಪ ಮೇಲಕ್ಕೆ ಎಳೆದು ಓರೆ ಮಾಡಿ ಮತ್ತೆ ಒಳಗೆ ಬಿಟ್ಟಳು. ಮೀನಖಂಡ ಪಟ್ಟನೆ ಜಿಗಿಯಿತು. "ಯವ್ವಾ! ಮೂರ" ಎಂದು ಅವನು ಅಕ್ಕನ ಬೆರಳು ಹಿಚುಕಿದ. ಆಮೇಲೆ ನಾಲ್ಕು. ಆಮೇಲೆ ಐದು.

"ಐದಾದುವು" ಎಂದ ಬಿಕ್ಕುತ್ತ. "ನಿನಗೆಷ್ಟ ಅಕ್ಕಾ?"

ಮುತ್ತವ್ವ ನೋಡಿದಳು. ಮತ್ತೊಮ್ಮೆ ನೋಡಿದಳು. ಬಲಗಾಲ ಮೇಲೆ ಸಣ್ಣ ಹಿಡಿಕೆಯ ನಾಲ್ಕು ಸೂಜಿ ನಿಂತಿದ್ದವು. ಐದನೆಯದು ಎಲ್ಲೂ ಇರಲಿಲ್ಲ, ಅದನ್ನು ಹಾಕಿದ್ದನ್ನೇ ಅವಳು ನೋಡಿರಲಿಲ್ಲ.

"ನಾಕ" ಎಂದಳು.

ಎದೆಯ ನಡುವಿನ ಚುಳುಕನ್ನು ಹುಡುಕಿದಳು. ಸಿಗಲಿಲ್ಲ. ಮೂರು ದಿನದ ಮೇಲೆ ದೊಡ್ಡದೊಂದು ಉಸಿರು ತೆಗೆದಳು. ಅದು ಒಳಗೆ ಹೋಗಿ ಸುಮ್ಮನೆ ಹೊರಗೆ ಬಂತು. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಕಣ್ಣೊರೆಸಿಕೊಳ್ಳಲು ಬಲಗೈಯನ್ನು ಮುಖದವರೆಗೆ ಎತ್ತಿದ್ದು ರಾಜೇಶ್ವರಿಗೆ ಕಂಡಿತು, ಮುತ್ತವ್ವನಿಗೆ ತಿಳಿಯಲಿಲ್ಲ.

"ಗೊತ್ತಾತಲ್ಲ. ಇನ್ನ ಕೈ ಬಿಡು, ಬೆವರಾಕತ್ತೈತಿ" ಎಂದ ಶಿದ್ರಾಮಪ್ಪ.

"ಬಿಡೂದಿಲ್ಲ. ನಾಕೂ ಹೊರಗ ಬರಲಿ."

ರಾಜೇಶ್ವರಿ ಒಂದೊಂದಾಗಿ ತೆಗೆದು ತಟ್ಟೆಗೆ ಹಾಕಿದಳು. ಆಚೆ ಲೂಮುಗಳು ಬಡಿಯುತ್ತಿದ್ದವು, ಸಪ್ಪಳ ಕೇಳಲಿಲ್ಲ. ಮುತ್ತವ್ವ ಕಣ್ಣಿನಿಂದಲೇ ಎಣಿಸಿದಳು, ಒಂದು, ಎರಡು, ಮೂರು, ನಾಲ್ಕು. ಆದರೂ ಕೈ ಬಿಡಲಿಲ್ಲ. ಅವನನ್ನು ಎಬ್ಬಿಸಿ ಕೂಡಿಸಿ, ನೆಲಕ್ಕೆ ಇಳಿಸಿ, "ನಡಿ ನೋಡೂಣು" ಎಂದಳು. ಶಿದ್ರಾಮಪ್ಪ ಬಲಗಾಲು ಎತ್ತಿ ಊರಿದ. ಎಡಗಾಲನ್ನು ಎಂದಿನಂತೆ ಎಳೆದ. ಮತ್ತೆ ಬಲಗಾಲು ಎತ್ತಿದ, ಪಾದ ಪೂರ್ತಿ ಮೇಲೆದ್ದಿತು. ಹೊರಗಿನ ಬೆಂಚಿನವರೆಗೂ ಅವಳು ಅವನ ಜೊತೆಯಲ್ಲೇ ನಡೆದಳು. ಅಲ್ಲಿ ಅವನು ಕೂತ ಮೇಲೆ ಕೈ ಬಿಟ್ಟಳು.